ಹೊಸ ಅಕ್ಕಿಯ ಊಟ

ಆ ಚಿತ್ರಕ್ಕೆ ಗಾಜು ಕೂರಿಸುವವರೆಗೂ ಲೋಕಯ್ಯನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಚಿತ್ರ ತಂದುಕೊಟ್ಟವರು ಎರಡನೇ ಮಹಡಿಯ ಮೋಹನದಾಸರು. ಹೋಟೆಲುಗಳಿಗೆ ಪಾತ್ರೆ, ಒಲೆ, ಫ್ರಿಜ್ಜು ಒದಗಿಸುವ ವ್ಯವಹಾರ ಅವರದು. "ಲೋಕಣ್ಣ, ಇದಕ್ಕೊಂದು ಒಳ್ಳೆ ಸಾಗುವಾನಿ ಫ್ರೇಮ್ ಹಾಕಿ. ಗಡಿಬಿಡಿ ಇಲ್ಲ, ಆದ್ರೆ ಚಂದ ಆಗ್ಬೇಕು" ಎಂದು ಸುರುಳಿಯನ್ನು ಮೇಜಿನ ಮೇಲಿಟ್ಟು ಹೋಗಿದ್ದರು. ಲೋಕಯ್ಯ ಅದನ್ನು ಬಿಡಿಸಿ, ಹಲಗೆಗೆ ಒತ್ತಿ, ಗಾಜು ಒರೆಸಿ ಮೇಲಿಟ್ಟ. ಗಾಜಿನಡಿಗೆ ಬಂದ ಮೇಲೆ ಯಾವ ಚಿತ್ರವಾದರೂ ಸ್ವಲ್ಪ ಹೆಚ್ಚೇ ಸ್ಪಷ್ಟವಾಗಿ ಕಾಣುತ್ತದೆ.

ಕಂಪ್ಯೂಟರಿನಲ್ಲಿ ಬರೆದ ಬಣ್ಣದ ಕಟ್ಟಡ ಅದು. ಕೂಳೂರು ಹೊಳೆಯ ಸಂಕದ ಆಚೆ ಏಳಲಿರುವ ಹೊಸ ಕಟ್ಟಡ. ಇವರೆಲ್ಲ ಬಾಡಿಗೆಗಿದ್ದ ಬಲ್ಮಠದ ಶಾಂಭವಿ ಚೇಂಬರ್ಸನ್ನು ಅದರ ಧಣಿ ಮಸ್ಕತ್ತಿನಲ್ಲಿ ಕೂತೇ ಮಾರಿಬಿಟ್ಟಿದ್ದ. ಅದು ಲೋಕಯ್ಯನಿಗೂ ಗೊತ್ತಿತ್ತು. ಎಲ್ಲರೂ ಒಟ್ಟಿಗೆ ಬೇರೆ ಕಡೆ ಹೋಗುವ ಮಾತು ನಡೆಯುತ್ತಿದೆ ಎಂಬುದೂ ಗೊತ್ತಿತ್ತು. ಒಟ್ಟಿಗೆ ಎಂದರೆ ತಾನೂ ಸೇರಿ ಎಂದು ಅವನು ತಿಳಿದಿದ್ದ. ಚಿತ್ರದಲ್ಲಿ ಒಂದೊಂದು ಬಾಗಿಲಿನ ಮೇಲೆ ಒಂದೊಂದು ಬೋರ್ಡು. ಗೇವಿನನ ಟ್ರಾವೆಲ್ ಏಜೆನ್ಸಿ. ಹಾಶಿಮನ ಬಿಡಿಭಾಗಗಳ ಆಫೀಸು. ಪ್ರಣೀತಾಳ ಫಿಸಿಯೋಥೆರಪಿ. ಮೋಹನದಾಸರದು ಎಲ್ಲಕ್ಕಿಂತ ಅಗಲ. ಕೆಳಗೆ, ಮೆಟ್ಟಿಲ ಬದಿಯಲ್ಲಿ, ಇಲ್ಲಿಯ ಹಾಗೆ ಲೋಕಯ್ಯನ ಫ್ರೇಮಿನ ಅಂಗಡಿ ಇರಬೇಕಾದ ಜಾಗದಲ್ಲಿ ಗಾಜಿನ ಕಾಫಿ ಕೌಂಟರ್ ಇತ್ತು. ಕೌಂಟರಿನ ಹತ್ತಿರ ಯಾರೋ ಬಿಳಿಯ ಹೆಂಗಸು ನಾಯಿ ಹಿಡಿದುಕೊಂಡು ನಿಂತಿದ್ದಳು. ಎಲ್ಲಕ್ಕೂ ಮೇಲೆ ಚಿನ್ನದ ಅಕ್ಷರದಲ್ಲಿ 'ಶಾಂಭವಿ ಕೂಟ'.

ಬಾಡಿಗೆದಾರರ ಕೂಟಕ್ಕೆ ಆ ಹೆಸರು ಇಟ್ಟವನು ಲೋಕಯ್ಯ.

ಅವನು ಗಾಜನ್ನು ಮತ್ತೊಮ್ಮೆ ಒರೆಸಿದ. ಕೊಳೆ ಇರಲಿಲ್ಲ.

ಕೂಟ ಹುಟ್ಟುವ ಮೊದಲು ಬಲ್ಮಠದ ಕಟ್ಟಡದಲ್ಲಿ ಯಾರೂ ಯಾರಿಗೂ ಆಗುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಟೈಪಿಂಗ್ ಮಾಡುತ್ತಿದ್ದ ಒಬ್ಬ ಮುದುಕ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಮರುದಿನ ನೊಣಗಳು ಹೇಳುವವರೆಗೆ ಗೋಡೆಯಾಚೆಯವರಿಗೂ ಗೊತ್ತಾಗಲಿಲ್ಲ. ಬಾಗಿಲು ಒಡೆಯಬೇಕಾಯಿತು. ಆ ಬಾಗಿಲು ಒಡೆಯುವ ಸದ್ದು ಲೋಕಯ್ಯನ ಕಿವಿಯಿಂದ ಹೋಗಲಿಲ್ಲ. ಮುಂದಿನ ಶನಿವಾರ ಅವನು ಹೆಂಡತಿಯ ತವರಿನಿಂದ ಒಂದು ಹಲಸಿನಹಣ್ಣು ಹೊತ್ತು ತಂದು ಮೆಟ್ಟಿಲ ಬುಡದಲ್ಲಿ ಕೊಯ್ದ. ವಾಸನೆಗೆ ಎಲ್ಲರೂ ಇಳಿದು ಬಂದರು. ಕೈಗೆ ಮೇಣ ಅಂಟಿದ ಮೇಲೆ ಯಾರೂ ದೊಡ್ಡವರಲ್ಲ, ಒಂದೇ ಎಣ್ಣೆಯ ಗಿಂಡಿಗೆ ಎಲ್ಲರೂ ಕೈ ಒಡ್ಡಬೇಕು. ಹಾಗೆ ಸುರುವಾದದ್ದು. ಆಮೇಲೆ ಅವನೇ ಒಂದು ಕ್ರಮ ಮಾಡಿದ: ಪ್ರತಿಯೊಬ್ಬರ ಇನ್ನೊಂದು ಕೀಲಿಕೈ ಬೇರೆ ಮಹಡಿಯವರ ಹತ್ತಿರ ಇರಬೇಕು, ಇನ್ನು ಯಾರ ಬಾಗಿಲನ್ನೂ ಒಡೆಯುವ ಹಾಗಾಗಬಾರದು. ಮೋಹನದಾಸರ ಕೀಲಿಕೈ ಗೇವಿನನ ಆಫೀಸಿನಲ್ಲಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಗೇವಿನನದು ಹಾಶಿಮನಲ್ಲಿ. ಅಷ್ಟು ವರ್ಷದಲ್ಲಿ ಒಂದು ಪಿನ್ನು ಕಾಣೆಯಾಗಿರಲಿಲ್ಲ.

ಚಿತ್ರ ಕೊಂಡುಹೋಗಲು ಮೋಹನದಾಸರು ಬಂದಾಗ ಲೋಕಯ್ಯ ಸುಮ್ಮನೆ, ತಮಾಷೆಗೆ ಎಂಬಂತೆ ಕೇಳಿದ. "ನನ್ನ ಅಂಗಡಿ ಇದರಲ್ಲಿ ಯಾವ ಬದಿಗೆ ಬರ್ತದೆ ಸ್ವಾಮಿ?"

"ನಿಮಗೆ ಇನ್ನು ಅಂಗಡಿ ಎಂತಕ್ಕೆ ಲೋಕಣ್ಣ?" ಮೋಹನದಾಸರು ಅವನ ಹೆಗಲ ಮೇಲೆ ಕೈ ಇಟ್ಟರು. "ಈಗ ಎಲ್ಲರೂ ಫೋಟೋ ನೋಡುದು ಮೊಬೈಲಿನಲ್ಲಿ. ಫ್ರೇಮ್ ಹಾಕುವವರು ಯಾರುಂಟು? ಆರಾಮ ಮಾಡಿ. ನೀವು ಬಂದು ಹೋಗ್ತಾ ಇರಿ ಆಯ್ತಾ, ನೀವು ನಮ್ಮ ಗೆಸ್ಟ್."

ಲೋಕಯ್ಯ ನಕ್ಕ. ಫ್ರೇಮನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೂಲೆಗಳಿಗೆ ರಟ್ಟು ಕಟ್ಟಿ, ಗೆರೆ ಬೀಳದ ಹಾಗೆ ನೋಡಿ ಕೊಟ್ಟ.

ಆ ಸಂಜೆಯ ಚಾಕ್ಕೆ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದಾಗ ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಗೇವಿನ್ ಫೋನಿನಲ್ಲಿ ಯಾರದೋ ದುಬಾಯಿ ಟಿಕೆಟಿನ ಬಗ್ಗೆ ಬೇಕಾದ್ದಕ್ಕಿಂತ ಜೋರಾಗಿ ಮಾತಾಡಿದ. ಪ್ರಣೀತಾಳಿಗೆ ಈ ಕಟ್ಟಡದಲ್ಲಿ ಕೋಣೆ ಕೊಡಿಸಲು ಧಣಿಯ ಹತ್ತಿರ ಮಾತಾಡಿದವನು ಲೋಕಯ್ಯ, ಅವಳ ಮೊದಲ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿದವನೂ ಅವನೇ. ಅವಳು ಬಿಸ್ಕೆಟ್ ಮುಂದೆ ಹಿಡಿದಳು. ಹಾಶಿಂ ಮಾತ್ರ ಏನೋ ಹೇಳಲು ಬಾಯಿ ತೆರೆದ, ನಂತರ ಚಾ ಊದಿದ. ಹೊಸ ಕಟ್ಟಡದ ಮಾತು ಎದ್ದ ಬಿಸು ಹಬ್ಬದಿಂದಲೇ, ತುಳುವರ ಹೊಸವರ್ಷದಿಂದಲೇ, ಇವರಿಗೆಲ್ಲ ಗೊತ್ತಿತ್ತು ಎಂದು ಲೋಕಯ್ಯನಿಗೆ ಆಗ ತಿಳಿಯಿತು. ಆ ಹಬ್ಬದ ಬೆಳಿಗ್ಗೆ ಶುಭಕ್ಕೆಂದು ಮೊದಲು ನೋಡುವ ಹಣ್ಣು-ಹೂಗಳ ಕಣಿ ಇಟ್ಟು ಎಲ್ಲರಿಗೂ ಕನ್ನಡಿ ಹಿಡಿದವನು ಅವನೇ. ಆ ದಿನ ಕನ್ನಡಿಯಲ್ಲಿ ಯಾರ ಮುಖದಲ್ಲೂ ಏನೂ ಕಂಡಿರಲಿಲ್ಲ.

ಸಿಟ್ಟು ಒಂದೇ ಸಲ ಬರಲಿಲ್ಲ. ಹಸಿ ಮರ ಒಣಗುವ ಹಾಗೆ ನಿಧಾನವಾಗಿ ಬಂತು. ಬಂದ ಮೇಲೆ ಗಟ್ಟಿಯಾಯಿತು.

ಮೊದಲು ಅವನ ತಲೆಗೆ ಬಂದದ್ದು ಬೆಂಕಿ. ಅದನ್ನು ಕೂಡಲೇ ಬಿಟ್ಟ. ಪ್ರಣೀತಾಳ ಹತ್ತಿರ ಬರುವವರು ಸೊಂಟ ಹಿಡಿದವರು, ಕಾಲು ಬಾರದವರು. ಅವರು ಓಡುವವರಲ್ಲ. ಆಮೇಲೆ ಒಂದು ಸುಳ್ಳು ಸುದ್ದಿ ಬಿಡುವ ಯೋಚನೆ ಬಂತು. ಆದರೆ ಈ ಊರಿನಲ್ಲಿ ಹಾಶಿಮನ ಮೇಲೆ ಒಂದು ಮಾತು ಬಿದ್ದರೆ ಅದನ್ನು ಎತ್ತಿಕೊಳ್ಳಲು ಹೊರಗಿನವರು ಕಾಯುತ್ತಿರುತ್ತಾರೆ, ಅದು ಮತ್ತೆ ಕಟ್ಟಡದೊಳಗೆ ನಿಲ್ಲುವುದಿಲ್ಲ. ಲೋಕಯ್ಯನಿಗೆ ಬೇಕಾದದ್ದು ಕಟ್ಟಡದೊಳಗೆ ನಿಲ್ಲುವಂಥದ್ದು. ಯಾರಿಗೂ ಗಾಯವಾಗಬಾರದು. ಯಾರೂ ಜೈಲಿಗೆ ಹೋಗಬಾರದು. ಅವರು ಒಬ್ಬರ ಮುಖ ಒಬ್ಬರು ನೋಡದಂತಾಗಬೇಕು, ಅಷ್ಟೇ. ಚಿನ್ನದ ಅಕ್ಷರದ ಆ ಹೆಸರು ಓದುವಾಗೆಲ್ಲ ನಾಲಿಗೆ ಕಹಿಯಾಗಬೇಕು. ಕೂಟವನ್ನು ಕಟ್ಟಿದ್ದು ತಾನು. ಗಂಟು ಎಲ್ಲಿದೆ ಎಂದು ತಿಳಿದವನಿಗೆ ಬಿಚ್ಚುವುದು ಕಷ್ಟವಲ್ಲ. ಗಂಟು ಇದ್ದದ್ದು ಗೇವಿನನ ಬಾಗಿಲ ಹಿಂದಿನ ಮೊಳೆಯಲ್ಲಿ.

ದಾರಿ ತೋರಿಸಿದವರು ಮೋಹನದಾಸರೇ. ಅವರ ಮಗಳು ಸಂಚಿತಾಳ ಮದುವೆ ಹತ್ತಿರ ಬಂದಿತ್ತು. ಚೌತಿ ಕಳೆದ ಮೇಲೆ ಒಂದು ದಿನ ಅಂಗಡಿಯ ಮುಂದೆ ನಿಂತು ಹೇಳಿದರು. "ಲೋಕಣ್ಣ, ಈ ಸಲ ಕುರಲ್ ಕಟ್ಟುವ ದಿನವೇ ಮಗಳ ಚಿನ್ನ ತರುದು ಅಂತ ಮಾಡಿದ್ದೇವೆ. ದಿನ ಒಳ್ಳೆದುಂಟಂತೆ. ಅಂಗಡಿಯಿಂದ ತಂದು ಆಫೀಸಿನ ಕಪಾಟಿನಲ್ಲಿಡ್ತೇನೆ. ನೀವು ಒಂದು ತೆನೆ ಕಟ್ಟಿ, ಸಂಜೆಗೆ ಮನೆಗೆ ಕೊಂಡುಹೋಗ್ತೇನೆ. ನಿಮ್ಮ ಕೈಯಲ್ಲಿ ಕಟ್ಟಿಸಿದ್ರೆ ಮನೆಯಲ್ಲಿ ಶಶಿಪ್ರಭಾಳಿಗೂ ಸಮಾಧಾನ."

ಕುರಲ್ ಎಂದರೆ ಹೊಸ ಪೈರಿನ ತೆನೆ. ಮಾವು, ಹಲಸು, ಬಿದಿರಿನ ಎಲೆಗಳೊಳಗೆ ತೆನೆ ಇಟ್ಟು, ದಡ್ಡಾಲ ಮರದ ನಾರಿನಿಂದ ಸುತ್ತಿ ಮನೆಯ ಬಾಗಿಲಿಗೆ, ಪೆಟ್ಟಿಗೆಗೆ, ಕಣಜಕ್ಕೆ ಕಟ್ಟುವುದು. ಒಳಗಿದ್ದದ್ದು ಹೆಚ್ಚಾಗಲಿ ಎಂದು 'ಪೊಲಿ ಪೊಲಿ' ಎನ್ನುವುದು. ಅದನ್ನು ಆಫೀಸು ಕಟ್ಟಡಕ್ಕೆ ತಂದವನು ಲೋಕಯ್ಯ. ಕಣಜವಿಲ್ಲದಿದ್ದರೆ ಕಪಾಟು ಉಂಟಲ್ಲ ಎಂದಿದ್ದ. ಮೊದಲ ವರ್ಷ ಗೇವಿನ್ ತನ್ನ ಇಗರ್ಜಿಯಲ್ಲಿ ಪಾದ್ರಿ ಕೊಟ್ಟ ತೆನೆಯನ್ನೂ ತಂದು ಬುಟ್ಟಿಗೆ ಹಾಕಿ, "ನಿಮ್ಮದೂ ನಮ್ಮದೂ ಒಂದೇ ಗದ್ದೆದು ಮಾರಾಯ್ರೆ, ಕಟ್ಟಿ" ಎಂದಿದ್ದ. ಅಂದಿನಿಂದ ಅದೂ ಕ್ರಮವಾಯಿತು. ಮಧ್ಯಾಹ್ನ ಹಿಂದಿನ ಕಾರು ಶೆಡ್ಡಿನಲ್ಲಿ ಎಲ್ಲರಿಗೂ ಹೊಸ ಅಕ್ಕಿಯ ಊಟ.

ಮೋಹನದಾಸರು ಹೋದ ಮೇಲೆ ಲೋಕಯ್ಯ ತುಂಬ ಹೊತ್ತು ಗಾಜು ಕೊಯ್ಯುವ ವಜ್ರವನ್ನು ಕೈಯಲ್ಲಿ ಹಿಡಿದು ಕೂತಿದ್ದ. ಯೋಜನೆ ತಾನಾಗಿ ಜೋಡಣೆಯಾಯಿತು, ನಾಲ್ಕು ಪಟ್ಟಿ ಸರಿಯಾಗಿ ಕೊಯ್ದರೆ ಮೂಲೆ ತಾನಾಗಿ ಕೂಡುವ ಹಾಗೆ.

ಚಿನ್ನ ಪೂರಾ ತೆಗೆಯಬಾರದು. ಹೊರಗಿನ ಕಳ್ಳ ಇದ್ದದ್ದೆಲ್ಲ ಹೊತ್ತೊಯ್ಯುತ್ತಾನೆ. ಒಂದನ್ನು ಮಾತ್ರ ತೆಗೆದು ಉಳಿದದ್ದನ್ನು ಮೊದಲಿನ ಹಾಗೆ ಇಟ್ಟು ಬೀಗ ಹಾಕುವವನು ಒಳಗಿನವನು, ನಾಚಿಕೆ ಇರುವವನು, ನಾಳೆಯೂ ಮುಖ ತೋರಿಸಬೇಕಾದವನು. ಬೀಗ ಒಡೆದಿರುವುದಿಲ್ಲ. ಮೋಹನದಾಸರು ಸಂಜೆ ಪೆಟ್ಟಿಗೆಗಳನ್ನು ಹಾಗೆಯೇ ಮನೆಗೆ ಕೊಂಡುಹೋಗುತ್ತಾರೆ. ಹೆಂಡತಿ ಶಶಿಪ್ರಭಾ ತೆರೆದು ನೋಡುವಾಗ ಒಂದು ಸರ ಕಡಿಮೆ. ಮೊದಲು ಚಿನ್ನದಂಗಡಿಯವರ ಹತ್ತಿರ ಜಗಳ. ಅಂಗಡಿಯವರು ಕ್ಯಾಮೆರಾ ತೋರಿಸುತ್ತಾರೆ, ಎಲ್ಲ ಸರಿ ಇತ್ತು ಎನ್ನುತ್ತಾರೆ. ಆಗ ಮೋಹನದಾಸರಿಗೆ ಮೊಳೆ ನೆನಪಾಗುತ್ತದೆ. ಗೇವಿನನನ್ನು ಕೇಳುತ್ತಾರೆ. ಮೆಲ್ಲನೆ, ಮರ್ಯಾದೆಯಿಂದಲೇ ಕೇಳುತ್ತಾರೆ, ಅದೇ ಸಾಕು. ಗೇವಿನ್ ತಡೆದುಕೊಳ್ಳುವವನಲ್ಲ. ಆ ದಿನ ನನ್ನ ಬಾಗಿಲು ತೆರೆದೇ ಇತ್ತು, ಯಾರು ಬೇಕಾದರೂ ಬಂದಿರಬಹುದು ಎನ್ನುತ್ತಾನೆ. ಯಾರು ಬೇಕಾದರೂ ಎಂದರೆ ಹಾಶಿಂ, ಎಂದರೆ ಪ್ರಣೀತಾ. ಪೊಲೀಸರ ತನಕ ಹೋಗುವುದಿಲ್ಲ. ಮದುವೆಮನೆಯವರು ಕಳವಿನ ಸುದ್ದಿಯನ್ನು ಬೀಗರ ಕಿವಿಗೆ ಬೀಳಲು ಬಿಡುವುದಿಲ್ಲ. ಮಾತು ಒಳಗೇ ಕೊಳೆಯುತ್ತದೆ.

ಸರವನ್ನು ಇಟ್ಟುಕೊಳ್ಳುವ ಆಸೆ ಅವನಿಗಿರಲಿಲ್ಲ. ಜನ ಹಳೆಯ ದೇವರ ಪಟಗಳನ್ನು ಬಿಸಾಡಲು ಹೆದರಿ ಫ್ರೇಮಿನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ಅವನ್ನೆಲ್ಲ ಚೀಲದಲ್ಲಿ ತುಂಬಿ, ಬೈಕಂಪಾಡಿಯ ತನ್ನ ಮನೆಗೆ ಹೋಗುವ ದಾರಿಯಲ್ಲಿ ಕೂಳೂರಿನಲ್ಲಿ ಬಸ್ಸಿಳಿದು ಹೊಳೆಗೆ ಬಿಡುವುದು ಅವನ ಎಷ್ಟೋ ವರ್ಷದ ಅಭ್ಯಾಸ. ಸಂಕದ ಹತ್ತಿರದ ಗೂಡಂಗಡಿಯವನಿಗೂ ಅದು ಗೊತ್ತು. ಈ ಸಲ ದೇವರುಗಳ ಜೊತೆ ಒಂದು ಅಂಟಿನ ಡಬ್ಬಿ ಹೋಗುತ್ತದೆ.

ಸಂಚಿತಾಳ ನೆನಪು ಒಮ್ಮೆ ಬಂತು. ಚಿಕ್ಕವಳಿರುವಾಗ ಅಂಗಡಿಗೆ ಬಂದು ಗಾಜಿನ ಚೂರಿನಲ್ಲಿ ಕಾಮನಬಿಲ್ಲು ಹುಡುಕುತ್ತಿದ್ದಳು. ಒಂದು ಸರ ಕಡಿಮೆಯಾದರೆ ಮದುವೆ ನಿಲ್ಲುವುದಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಮುನ್ನಾದಿನ ರಾತ್ರಿಯ ಊಟದ ಮೊದಲು ಅವನು ಜಗಲಿಯಲ್ಲಿ ಎಲೆ ಬಿಡಿಸುತ್ತಾ ಕೂತಾಗ ಹೆಂಡತಿ ದೇಯಿ ತೆನೆಯ ಕಟ್ಟು ತಂದಿಟ್ಟಳು. ಅವಳ ಅಣ್ಣನ ಗದ್ದೆಯದು.

"ಆ ಕೃತಘ್ನರಿಗೆ ಇದನ್ನು ಇನ್ನೂ ಎಂತಕ್ಕೆ ಕಟ್ಟುದು ನೀವು?"

"ಕಟ್ಟದಿದ್ರೆ ಸಿಟ್ಟುಂಟು ಅಂತ ಗೊತ್ತಾಗ್ತದೆ."

"ಗೊತ್ತಾಗ್ಲಿ."

"ಬೇಡ."

ದೇಯಿ ಅವನ ಕೈಗಳನ್ನೇ ನೋಡಿದಳು. ಅವು ಅವನ ಮಾತಿಗೆ ಕಾಯದೆ ಎಲೆ ಜೋಡಿಸಿ, ನಾರು ಸುತ್ತಿ, ಒಳಮುಖವಾಗಿ ಸಿಕ್ಕಿಸಿ ಎಳೆಯುತ್ತಿದ್ದವು. "ನಿಮಗೆ ಹೇಳಿ ಸುಖ ಇಲ್ಲ. ತೆನೆ ಕೈಗೆ ಬಂದ್ರೆ ನಿಮಗೆ ಲೋಕ ಬೇಡ. ಕಳೆದ ವರ್ಷ ಪಕ್ಕದ ಮನೆಯವರ ಸ್ಕೂಟರಿಗೂ ಕಟ್ಟಿ ಬಂದಿದ್ರಿ. ಅವರು ಮಾಟ ಅಂತ ಹೆದರಿ ಎರಡು ದಿವಸ ಸ್ಕೂಟರ್ ಮುಟ್ಲಿಲ್ಲ."

ಲೋಕಯ್ಯ ನಗಲಿಲ್ಲ. ಅವನು ಮನಸ್ಸಿನಲ್ಲೇ ಚೇಂಬರ್ಸಿನ ಮೆಟ್ಟಿಲುಗಳನ್ನು ಲೆಕ್ಕ ಹಾಕುತ್ತಿದ್ದ.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಅವನು ಕಟ್ಟಡ ಪೂರಾ ಹತ್ತಿ ಇಳಿದ. ಗೇಟಿಗೆ ಕಟ್ಟಿದ, ಮೀಟರ್ ಬೋರ್ಡಿಗೆ ಕಟ್ಟಿದ. ಗೇವಿನನ ಬಾಗಿಲಿಗೂ ಟಿಕೆಟಿನ ಯಂತ್ರಕ್ಕೂ ಕಟ್ಟಿದ. ಹಾಶಿಮನ ಕಪಾಟಿಗೆ, ಪ್ರಣೀತಾಳ ಮಂಚದ ಕಾಲಿಗೆ. ಪ್ರತಿ ಸಲವೂ ತುಟಿಯಲ್ಲಿ ಪೊಲಿ ಪೊಲಿ. "ಈ ಗಂಟು ನನಗೊಮ್ಮೆ ಕಲಿಸಿಕೊಡಿ ಲೋಕಣ್ಣ" ಎಂದಳು ಪ್ರಣೀತಾ, ಪ್ರತಿವರ್ಷ ಹೇಳುವಂತೆ. "ಬಾ, ಈಗಲೇ ಕಲಿ" ಎಂದ ಅವನು, ಪ್ರತಿವರ್ಷ ಹೇಳುವಂತೆ. ಅಷ್ಟರಲ್ಲಿ ಅವಳಿಗೆ ಫೋನ್ ಬಂತು.

ಮೋಹನದಾಸರ ಹೊರಬಾಗಿಲಿಗೆ ಕಟ್ಟಿದ. ಅವರು ಚಿನ್ನ ತರಲು ಹೋಗಿದ್ದರಿಂದ ಒಳಗಿನ ಕಪಾಟು ಬಾಕಿ ಉಳಿಯಿತು. ಅದಕ್ಕೆಂದು ಎಲೆ, ನಾರಿನ ಸಮೇತ ಒಂದು ತೆನೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡ, ಎಲ್ಲರಿಗೂ ಕಾಣುವ ಹಾಗೆ. ಇದೂ ಯೋಜನೆಯೊಳಗಿನದೇ. ಊಟದ ನಂತರ ಮೋಹನದಾಸರ ಎದುರೇ ಆ ಕಪಾಟನ್ನು ಮುಟ್ಟಿ ಅದನ್ನು ಕಟ್ಟುವುದು. ಮುಂದೆ ಯಾರಾದರೂ ಬೆರಳಿನ ಗುರುತು ಹುಡುಕಿದರೂ ಅವನದು ಅಲ್ಲಿ ಇರಲೇಬೇಕಾದದ್ದು.

"ಎಂತ ಲೋಕಣ್ಣ, ಕಿಸೆಯಲ್ಲೇ ಗದ್ದೆ ಮಾಡಿದ್ದೀರಾ?" ಹಾಶಿಂ ಶೆಡ್ಡಿನಲ್ಲಿ ಬಾಳೆಲೆ ತೊಳೆಯುತ್ತಾ ಕೇಳಿದ.

"ಇದು ಮೋಹನದಾಸರ ಕಪಾಟಿಂದು. ಅವರು ಬಂದ ಮೇಲೆ ಕಟ್ಟುದು."

"ದೊಡ್ಡವರ ಬೆಳೆ ಯಾವಾಗ್ಲೂ ಬೇರೆಯವರ ಕಿಸೆಯಲ್ಲೇ ಬೆಳೆಯುದು ಮಾರಾಯ್ರೆ" ಎಂದ ಹಾಶಿಂ. ಗೇವಿನ್ ನಕ್ಕ. ಲೋಕಯ್ಯನೂ ನಕ್ಕ. ಈ ನಗುವೂ ಬೇಕಾದದ್ದೇ, ನೆನಪಿಟ್ಟುಕೊಳ್ಳಲಿ.

ಮೋಹನದಾಸರು ಬಂದಾಗ ಎಲೆ ಹಾಕಿಯಾಗಿತ್ತು. ಚೀಲವನ್ನು ಎದೆಗೆ ಅವಚಿಕೊಂಡು ನೇರ ಮೇಲೆ ಹೋದರು, ಬರಿಗೈಯಲ್ಲಿ ಇಳಿದು ಬಂದರು. "ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದೆ. ಲೋಕಣ್ಣ, ತೆನೆ ಊಟ ಆದ ಮೇಲೆ ಕಟ್ಟುವ. ಎಲ್ಲರೂ ಬನ್ನಿ, ಚಿನ್ನ ನೋಡಿದ ಹಾಗೂ ಆಯ್ತು. ಈಗ ಹಸಿವೆ."

ಊಟಕ್ಕೆ ಮೊದಲು ಎಲ್ಲರೂ ಸೇರಿ ಲೋಕಯ್ಯನನ್ನು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಇದು ಅವನ ಯೋಜನೆಯಲ್ಲಿರಲಿಲ್ಲ. ಮೋಹನದಾಸರು ಕಂದು ಬಣ್ಣದ ಶಾಲು ಹೊದಿಸಿದರು. ಗೇವಿನ್ ಹಣ್ಣಿನ ಬುಟ್ಟಿ ಕೊಟ್ಟ. ಪ್ರಣೀತಾ ಫೋಟೋ ತೆಗೆದಳು. ಹಿರಿಯರು, ಮಾರ್ಗದರ್ಶಕರು, ಕೂಟದ ಬೇರು ಎಂದೆಲ್ಲ ಬರೆದ ಸನ್ಮಾನಪತ್ರವನ್ನು ಹಾಶಿಂ ತಲೆ ತಗ್ಗಿಸಿ ಅವನ ಮಡಿಲಲ್ಲಿಟ್ಟ. ಶಾಲು ಹೊದಿಸಿ ಹೊರಗೆ ಕಳಿಸುವ ಕ್ರಮ ಊರಿನಲ್ಲಿ ಹೊಸತಲ್ಲ. ಅದನ್ನು ಲೋಕಯ್ಯ ಸಹಿಸಿಕೊಂಡ. ಅವನ ಕಣ್ಣು ಹೋದದ್ದು ಪತ್ರದ ಫ್ರೇಮಿನ ಮೇಲೆ. ಅವನಿಗೆ ಗೊತ್ತಾಗಬಾರದೆಂದು ಬೇರೆ ಯಾವುದೋ ಅಂಗಡಿಯಲ್ಲಿ ಹಾಕಿಸಿದ್ದರು. ಮೂಲೆ ಕೂಡಿರಲಿಲ್ಲ, ಬಿರುಕಿನಲ್ಲಿ ಉಗುರು ಹೋಗುತ್ತಿತ್ತು. ಅವನು ಅದರೊಳಗೆ ಉಗುರನ್ನು ಆಡಿಸುತ್ತಾ ಅವರ ಚಪ್ಪಾಳೆ ಮುಗಿಯುವವರೆಗೆ ಕೂತ. ಒಳಗೆ ಅಲ್ಪಸ್ವಲ್ಪ ಅಳುಕು ಇದ್ದದ್ದೂ ಆಗ ಹೋಯಿತು.

ನಂತರ ಎಲೆಯ ಮುಂದೆ ಕೂತು, ಹೊಸ ಅಕ್ಕಿ ಬಿದ್ದ ಮೇಲೆ, ಎಲ್ಲರೂ ಕ್ರಮದಂತೆ ಹಿರಿಯನ ಅನುಮತಿ ಕೇಳಿದರು. "ಲೋಕಣ್ಣ, ಹೊಸತು ಉಣ್ತೇವೆ."

"ಉಣ್ಣಿ" ಎಂದ ಲೋಕಯ್ಯ.

ಬಡಿಸುವವನು ಅವನೇ. ಹರಿವೆ ದಂಟಿನ ಪಲ್ಯ, ಸೌತೆಯ ಹುಳಿ ಒಂದು ಸುತ್ತು ಬಂದ ಮೇಲೆ ಅವನು ಪ್ರತಿವರ್ಷದ ಹಾಗೆ ಒಂದು ಹರಿವಾಣದಲ್ಲಿ ಎಲೆಯ ತುಂಡಿಟ್ಟು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿ, ಹೋದವರ ಹೆಸರಿನಲ್ಲಿ ಕಾಗೆಗೆ ಇಡಲು ತಾರಸಿಗೆ ಹೊರಟ. "ನೀವು ಕಾಯಬೇಡಿ, ಪಾಯಸ ಬಂದು ಬಡಿಸ್ತೇನೆ." ಯಾರೂ ಕಾಯಲಿಲ್ಲ. ಕಾಗೆಗೆ ಅನ್ನ ಇಡಲು ಹೋದ ಮುದುಕ ಎಷ್ಟು ಹೊತ್ತಿಗೆ ಬಂದ ಎಂದು ಊಟದ ಎಲೆಯ ಮುಂದೆ ಕೂತವರು ನೋಡುವುದಿಲ್ಲ. ನಟ್ಟ ನಡು ಹಗಲು, ಎಲ್ಲರ ಕಣ್ಣೆದುರು. ಕತ್ತಲೆಯಲ್ಲಿ ಕದಿಯುವವರ ಬಗ್ಗೆ ಅವನಿಗೆ ಕನಿಕರವೆನಿಸಿತು.

ಗೇವಿನನ ಬಾಗಿಲು ತೆರೆದಿತ್ತು. ಕೀಲಿಕೈ ಮೊಳೆಯಲ್ಲಿತ್ತು. ಎರಡನೇ ಮಹಡಿಯಲ್ಲಿ ಬೀಗ ಸದ್ದು ಮಾಡದೆ ತಿರುಗಿತು. ಹರಿವಾಣವನ್ನು ಮೇಜಿನ ಮೇಲಿಟ್ಟ. ಕಪಾಟಿನ ಕೀಲಿಕೈ ಗೋಡೆಯ ಗಣಪತಿಯ ಪಟದ ಹಿಂದೆ ಇರುವುದು ಇಡೀ ಕಟ್ಟಡಕ್ಕೆ ಗೊತ್ತು. ಮೋಹನದಾಸರು ಎಲ್ಲರ ಎದುರೇ ಅಲ್ಲಿಂದ ತೆಗೆಯುತ್ತಿದ್ದರು. ಕಪಾಟು ತೆರೆದ. ಕೆಂಪು ಮಖಮಲ್ಲಿನ ಪೆಟ್ಟಿಗೆಗಳು ಒಂದರ ಮೇಲೊಂದು. ಎಲ್ಲಕ್ಕಿಂತ ಕೆಳಗಿನದರಿಂದ ಒಂದು ಸರ ತೆಗೆದ. ತೆಳ್ಳಗಿನದು, ಒಂಟಿ ಎಳೆಯದು. ಪೆಟ್ಟಿಗೆಗಳನ್ನು ಮೊದಲಿದ್ದ ಹಾಗೇ ಇಟ್ಟ. ಸರ ಶಾಲಿನ ಮಡಿಕೆಯೊಳಗೆ ಹೋಯಿತು. ಹೊದಿಸಿದವರು ಅವರೇ, ಹೊರಲಿ ಅವರ ಶಾಲು. ಕಪಾಟಿನ ಬಾಗಿಲು ಮುಚ್ಚಿ ಬೀಗ ತಿರುಗಿಸಿದ. ಹಿಡಿಯ ಹತ್ತಿರ ಅವನ ಕೈಗಳು ಒಂದು ಗಳಿಗೆ ಉಳಿದವು. ಅವನ ಮನಸ್ಸು ಆಗಲೇ ಮೆಟ್ಟಿಲಲ್ಲಿತ್ತು, ಕೆಳಗಿನ ಮೊಳೆಯ ಹತ್ತಿರವಿತ್ತು, ಶೆಡ್ಡಿನ ಸದ್ದಿಗೆ ಕಿವಿಕೊಟ್ಟಿತ್ತು. ಗೇವಿನ್ ಏನೋ ಹೇಳಿ ಎಲ್ಲರೂ ನಗುವುದು ಕಿಟಕಿಯಿಂದ ಕೇಳುತ್ತಿತ್ತು. ನಾಲಿಗೆಯ ಮೇಲೆ ಬೆಳಗಿನಿಂದ ಸುತ್ತುತ್ತಿದ್ದ ಪೊಲಿ ಪೊಲಿ ಇನ್ನೂ ನಿಂತಿರಲಿಲ್ಲ. ಕೀಲಿಕೈಯನ್ನು ಗಣಪತಿಯ ಹಿಂದಿಟ್ಟ, ಹರಿವಾಣ ಎತ್ತಿಕೊಂಡ, ಹೊರಬಾಗಿಲಿಗೆ ಬೀಗ ಹಾಕಿದ.

ತಾರಸಿಯಲ್ಲಿ ಎಲೆ ಇಟ್ಟು ಕಾ ಕಾ ಎಂದು ಕರೆದ. ಕೆಲವು ವರ್ಷ ಕಾಗೆ ಬರದೆ ಸತಾಯಿಸುವುದುಂಟು. ಈ ಸಲ ಅವನು ನೇರ ನಿಲ್ಲುವ ಮೊದಲೇ ಒಂದು ಬಂದು ಪಾಯಸಕ್ಕೆ ಕೊಕ್ಕು ಹಾಕಿತು. ಕುರ್ಚಿಯಲ್ಲಿ ಕೂತೇ ಹೋದ ಆ ಟೈಪಿಂಗಿನ ಮುದುಕನೇ ಬಂದ ಎಂದುಕೊಂಡ. ಹೋದವರಾದರೂ ತನ್ನ ಪರ ಇದ್ದಾರೆ ಎನಿಸಿತು.

ಇಳಿಯುತ್ತಾ ಕೀಲಿಕೈಯನ್ನು ಮೊಳೆಗೆ ಹಾಕಿದ. ತನ್ನ ಅಂಗಡಿಗೆ ನುಗ್ಗಿ ಬಿಳಿ ಅಂಟಿನ ಡಬ್ಬಿಯ ಮುಚ್ಚಳ ತೆಗೆದು ಸರವನ್ನು ಬಿಟ್ಟ. ಅದು ಹಾಲಿನಲ್ಲಿ ಹಾವು ಇಳಿಯುವ ಹಾಗೆ ಇಳಿದು ಕಾಣೆಯಾಯಿತು. ಮೇಲಿನ ಅಂಟು ಮತ್ತೆ ಸಮವಾಯಿತು. ಶೆಡ್ಡಿಗೆ ಬಂದು ಪಾಯಸದ ಸೌಟು ಹಿಡಿದಾಗ ಹಾಶಿಂ ಇನ್ನೂ ಹುಳಿಗೆ ಅನ್ನ ಕಲಸುತ್ತಿದ್ದ.

"ಕಾಗೆ ಬಂತಾ?" ಮೋಹನದಾಸರು ಕೇಳಿದರು.

"ಕರೆದ ಕೂಡ್ಲೇ ಬಂತು."

"ಒಳ್ಳೆದಾಯ್ತು. ಹಿರಿಯರಿಗೆ ತೃಪ್ತಿ."

ಲೋಕಯ್ಯ ಎಲ್ಲರಿಗೂ ಎರಡೆರಡು ಸಲ ಪಾಯಸ ಬಡಿಸಿದ. ಕೊನೆಯಲ್ಲಿ ತಾನೂ ಕೂತು ಉಂಡ. ಎಷ್ಟೋ ದಿನದ ನಂತರ ಬಾಯಿಗೆ ರುಚಿ ಹತ್ತಿತು. ಸುತ್ತಲಿನ ಮುಖಗಳನ್ನು ನೋಡಿದ. ಹೀಗೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಇವರಿಗೆ ಇದೇ ಕೊನೆ ಎಂದು ಇವರಿಗೆ ಗೊತ್ತಿಲ್ಲ ಎಂದುಕೊಂಡ. ಸ್ವಲ್ಪ ಬೇಸರವೂ ಆಯಿತು, ಕಟ್ಟಿದ್ದು ತಾನೇ ಅಲ್ಲವೇ. ಶೆಡ್ಡಿನ ಸೆಕೆಗೆ ಬೆವರು ಇಳಿಯುತ್ತಿದ್ದರೂ ಅವನು ಶಾಲು ತೆಗೆಯಲಿಲ್ಲ. ತೆಗೆದರೆ ಸನ್ಮಾನ ಬೇಡವಾಯಿತು ಎಂದು ತಿಳಿದಾರು.

"ನಡೀರಿ ಲೋಕಣ್ಣ" ಎಂದರು ಮೋಹನದಾಸರು ಕೈ ಒರೆಸಿಕೊಳ್ಳುತ್ತಾ. "ನಿಮ್ಮ ಕಿಸೆಯ ಗದ್ದೆ ಕೊಯ್ಯುವ."

ಎಲ್ಲರೂ ಹೊರಟರು. ಪ್ರಣೀತಾ ಫೋನ್ ಎತ್ತಿ ಹಿಡಿದು ಎಲ್ಲರ ಮುಂದೆ ಹಿಮ್ಮುಖವಾಗಿ ನಡೆದಳು. "ವಿಡಿಯೋ ಮಾಡ್ತೇನೆ, ಸಂಚಿತಾಳಿಗೆ ಕಳಿಸ್ಲಿಕ್ಕೆ." ಮೆಟ್ಟಿಲು ಹತ್ತುವಾಗ ಹಾಶಿಂ ಲೋಕಯ್ಯನ ಮೊಣಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ, "ನಾನು ಹೇಳ್ಬೇಕಿತ್ತು ಲೋಕಣ್ಣ. ಹೇಳ್ಲಿಕ್ಕೆ ಮುಖ ಬರ್ಲಿಲ್ಲ" ಎಂದ. ಲೋಕಯ್ಯ ಅವನ ಕೈ ತಟ್ಟಿದ. ಈಗ ಯಾರನ್ನಾದರೂ ಕ್ಷಮಿಸುವುದು ಸುಲಭವಾಗಿತ್ತು.

ಮೋಹನದಾಸರು ತಮ್ಮ ಕೀಲಿಕೈಯಿಂದ ಬೀಗ ತೆರೆಯುವಾಗ ಅವನು ಶಾಲಿನಡಿ ಕೈ ಹಾಕಿ ಕಿಸೆ ಮುಟ್ಟಿ ನೋಡಿದ. ಕಿಸೆ ಖಾಲಿ ಇತ್ತು. ಅವನು ಬೆದರಲಿಲ್ಲ. ತಾರಸಿಯಲ್ಲಿ ಎಲೆ ಇಡಲು ಬಗ್ಗಿದಾಗ ಬಿದ್ದಿರಬೇಕು. ಹೇಳಲು ಮಾತು ಕೂಡ ಸಿದ್ಧವಾಯಿತು: ಕಾಗೆ ಕೊಂಡುಹೋಯ್ತು ಮಾರಾಯ್ರೆ, ಒಂದು ನಿಮಿಷ, ಬೇರೆ ಕಟ್ಟಿ ತರ್ತೇನೆ. ಎಲ್ಲರೂ ನಗುತ್ತಾರೆ. ನಗಲಿ.

ಮೋಹನದಾಸರು ದೀಪ ಹಾಕಿದರು. ಕಪಾಟಿನ ಹಿಡಿಯಲ್ಲಿ ತೆನೆ ತೂಗುತ್ತಿತ್ತು. "ಅರೆ, ಇದಕ್ಕೆ ಆಗ್ಲೇ ಕಟ್ಟಿ ಆಗಿದೆಯಲ್ಲ ಲೋಕಣ್ಣ" ಎಂದಳು ಪ್ರಣೀತಾ, ಫೋನ್ ಹಿಡಿದುಕೊಂಡೇ, ನಗುತ್ತಾ. ಮೋಹನದಾಸರು ನಗಲಿಲ್ಲ. ಕೈಯಲ್ಲಿದ್ದ ಕೀಲಿಕೈಯನ್ನು ನೋಡಿದರು, ತಾವು ಈಗಷ್ಟೇ ತೆರೆದ ಬಾಗಿಲನ್ನು ನೋಡಿದರು, ಆಮೇಲೆ ಮೆಲ್ಲನೆ ಗಣಪತಿಯ ಪಟದ ಹಿಂದಕ್ಕೆ ಕೈ ಹಾಕಿದರು. ಮಾವು, ಹಲಸು, ಬಿದಿರು, ಎಲೆಗಳು ಒಂದಿಷ್ಟೂ ಕ್ರಮ ತಪ್ಪಿರಲಿಲ್ಲ. ದಡ್ಡಾಲ ನಾರು ಎರಡು ಸುತ್ತು ಬಂದು, ಒಳಮುಖವಾಗಿ ಸಿಕ್ಕಿಸಿ ಎಳೆದ ಗಂಟು ಹಿಡಿಯ ಮೇಲೆ ಬಿಗಿಯಾಗಿ ಕೂತಿತ್ತು. ಆ ಗಂಟು ಹಾಕಲು ಬರುವವನು ಆ ಕಟ್ಟಡದಲ್ಲಿ ಒಬ್ಬನೇ. ಬನ್ನಿ, ಕಲಿಯಿರಿ ಎಂದು ಅವನು ಎಷ್ಟು ವರ್ಷ ಕರೆದರೂ ಯಾರೂ ಕಲಿತಿರಲಿಲ್ಲ.